ಉಳಿದ ಒಂಬತ್ತು ಕೊಡ

"ಅಲ್ರೀ ಅಕ್ಕೋರೆ, ಕಲಬುರಗಿ ಬಿಸಿಲಿನಾಗ ಈ ವಯಸ್ಸಿನ ಹುಡುಗ್ರ ಕೈಲೆ ತೋಟದ ಕೆಲಸ ಹ್ಯಾಂಗ ಮಾಡಸ್ತೀರಿ?"

ಮದುವೆ ಮನೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆ ಬಂತೆಂದರೆ ನಮ್ಮ ಬಡಾವಣೆಯ ಖಾಲಿ ಜಾಗದಲ್ಲಿ 13ರಿಂದ 16 ವರ್ಷದ ಮಕ್ಕಳ ಜೊತೆ ಕಾಯಿಪಲ್ಯ ಬೆಳೆಯುತ್ತೇನೆ. ಮಕ್ಕಳಿಗೆ ಮಣ್ಣಿನ ಮೇಲೆ ಪ್ರೀತಿ ಹುಟ್ಟಿಸ್ತೀನಿ ಅಂತ ನಾನು ಹೇಳಬಹುದು ಎಂದು ಕೇಳಿದವರು ಕಾಯುತ್ತಾರೆ. ಹಾಗೇನೂ ಇಲ್ಲ. ಅವರು ಬರುವುದು ಜಗಳ ಆಡೋಕೆ.

ಮೊದಲ ವರ್ಷ ನಾನು ಶಾಲೆಯನ್ನೇ ತೋಟಕ್ಕೆ ಹೊತ್ತುಕೊಂಡು ಹೋಗಿದ್ದೆ. ಹಾಜರಿ ಪುಸ್ತಕ, ಮಡಿಗೊಂದು ಹೆಸರಿನ ಚೀಟಿ, ಕೊನೆಗೆ ಸರ್ಟಿಫಿಕೇಟ್. ನೀರನ್ನು ನಾನೇ ಪೈಪ್ ಹಿಡಿದು ಬಿಡುತ್ತಿದ್ದೆ, ಎಲ್ಲರಿಗೂ ಸಮ. ಬುದ್ಧಿ ಇಲ್ಲದೆ ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿದ್ದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅಷ್ಟಾದರೂ ನನಗೆ ಹೊಳೆಯಬೇಕಿತ್ತು, ಅಲ್ವಾ? ಇಪ್ಪತ್ತು ಮಕ್ಕಳು ಹತ್ತು ದಿನಕ್ಕೆ ಆರಾದರು. ಕೊತ್ತಂಬರಿ ಬೇರೆ ಹಾಕಿಸಿದ್ದೆ. ಆ ಕಾವಿಗೆ ಅರ್ಧ ಮೊಳೆಯಲೇ ಇಲ್ಲ. ಮೊಳೆತದ್ದು ಗೇಣುದ್ದ ಆಗುವ ಮೊದಲೇ ಹೂ ಬಿಟ್ಟಿತು.

ಎರಡನೇ ವರ್ಷ ಆರು ಗಂಟೆಗೆ ಶುರು, ಎಂಟೂವರೆಗೆ ಮುಗಿತಾಯ. ಕೊತ್ತಂಬರಿ ಬಿಟ್ಟು ಬಿಸಿಲು ತಾಳುವ ಪುಂಡಿ, ರಾಜಗಿರಿ, ಚವಳಿಕಾಯಿ, ಬೆಂಡೆ. ಒಂದೆರಡು ಮಡಿ ಸೌತೆ. ಮಕ್ಕಳು ಮೊದಲು ಕೇಳಿದ್ದು ತೊಗರಿ. ಕೇಳದೆ ಇರ್ತಾರಾ? ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಗುರುತು, ಸಿಕ್ಕಿದೆ. ಆದರೆ ಅದು ಮಳೆಗಾಲಕ್ಕೆ ಬಿತ್ತುವ ಬೆಳೆ, ಕೈಗೆ ಬರಲು ಐದಾರು ತಿಂಗಳು. ನಮಗಿದ್ದದ್ದು ಆರೇ ವಾರ. ಕೊನೆಗೆ ತೊಗರಿ ಕಟ್ಟಿಗೆ ತಂದು ಸೌತೆ ಬಳ್ಳಿಗೆ ಹಂದರ ಹಾಕಿ ಸಮಾಧಾನ ಮಾಡಿಕೊಂಡರು.

ಆ ವರ್ಷ ಬೋರು ಬತ್ತಿತು. ಪಕ್ಕದ ಮನೆಯವರು ದಿನಕ್ಕೊಂದು ಟ್ಯಾಂಕ್ ನೀರು ಕೊಡಲು ಒಪ್ಪಿದರು. 500 ಲೀಟರ್. ನಮ್ಮ ಪ್ಲಾಸ್ಟಿಕ್ ಕೊಡಕ್ಕೆ 15 ಲೀಟರ್ ಹಿಡಿಯುತ್ತದೆ. ಅಂದರೆ 33 ಕೊಡ. ಮಡಿಗಳು ಹನ್ನೆರಡು. ಮಡಿಗೆ ಎರಡು ಅಂದರೆ 24 ಕೊಡ ಆಯಿತು. ಉಳಿದ ಒಂಬತ್ತು ಯಾರಿಗೆ?

ಅಲ್ಲಿಂದ ಶುರುವಾಯಿತು ನೋಡಿ. ಚೀಟಿ ಎತ್ತೋಣ ಅಂದರು ಕೆಲವರು. ಸೌತೆಗೆ ನೀರು ಜಾಸ್ತಿ ಬೇಕು, ಪುಂಡಿ ತಡೀತದ ಅಂದಳು ಸೌತೆಯ ಹುಡುಗಿ. ಒಬ್ಬನ ಮಡಿ ಶಹಾಬಾದ್ ಕಲ್ಲಿನ ಕಾಂಪೌಂಡಿನ ಬುಡದಲ್ಲಿತ್ತು. "ನನ್ನ ಗಿಡಕ್ಕ ಮ್ಯಾಲಿಂದ ಬಿಸಿಲು, ಬಾಜೂಕಿಂದ ಕಲ್ಲಿನ ಕಾವು. ನನಗ ಎರಡು ಸಾಲಂಗಿಲ್ಲ" ಅಂತ ಅವನ ವಾದ. ಸುಳ್ಳೂ ಅಲ್ಲ. ಎಲ್ಲರೂ ನನ್ನ ಕಡೆ ತಿರುಗಿ, "ಅಕ್ಕೋರೆ, ನೀವೇ ಹೇಳ್ರಿ" ಅಂದರು. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ, ಸುಮ್ನೆ ಇರೋದು ಸುಲಭ ಅಲ್ಲ. ಕುರ್ಪಿ ತೆಗೆದುಕೊಂಡು ಕಳೆ ಕೀಳಲು ಕೂತೆ.

ಮರುದಿನ ಆರಕ್ಕೆ ಐದು ನಿಮಿಷ ಇರುವಾಗಲೇ ಹನ್ನೊಂದು ಮಂದಿ ಟ್ಯಾಂಕಿನ ಮುಂದೆ. ತಡವಾದರೆ ತಮ್ಮ ಪಾಲು ಹೋಗುತ್ತದೆ ಎಂಬ ಭಯ. ಹಾಜರಿ ಪುಸ್ತಕ ಮಾಡದ ಕೆಲಸ ಅದು.

ಮೊಬೈಲ್ ಹೇಗೆ ಬಿಡಿಸಿದಿರಿ ಅಂತಲೂ ಕೇಳುತ್ತಾರೆ. ಬಿಡಿಸಲಿಲ್ಲ. ಮೂರನೇ ಕೊಡ ಕದ್ದು ಹಾಕಿದವನ ಫೋಟೊ, ಟೈಮ್ ಸಮೇತ, ಸಾಕ್ಷಿಯಾಗಿ ಬರುತ್ತಿತ್ತು.

ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕೊಡ ಸುರಿದರೆ ನೀರು ಬಿರುಕಿನಲ್ಲಿ ಗುಳುಂ ಅಂತ ಇಳಿದುಹೋಗುತ್ತದೆ, ಗಿಡದ ಬುಡ ಹಾಗೇ ಒಣಗಿರುತ್ತದೆ. ಅದನ್ನು ಮೊದಲು ಕಂಡವಳು ಒಂಬತ್ತನೇ ಕ್ಲಾಸಿನ ಹುಡುಗಿ. ಮನೆಯಲ್ಲಿ ಅಜ್ಜನನ್ನು ಕೇಳಿ ಬಂದಳು. ಹೊಲದಲ್ಲಿ ಎಡೆ ಹೊಡೆಯುವುದು, ಅಂದರೆ ಸಾಲಿನ ನಡುವೆ ಕುಂಟೆ ಎಳೆಯುವುದು, ಕಳೆಗಷ್ಟೇ ಅಲ್ಲ, ಬಿರುಕು ಮುಚ್ಚೋಕೂ ಹೌದು ಅಂದನಂತೆ ಅಜ್ಜ. ಎರಡು ಬೆರಳು ಆಳ ಮೇಲ್ಮಣ್ಣು ಕೆದಕಿ ಪುಡಿ ಮಾಡಿ ನೀರು ಹಾಕಿದಳು. ಮರುದಿನ ಬೆಳಿಗ್ಗೆ ಅವಳ ಮಡಿ ಇನ್ನೂ ತಂಪಾಗಿತ್ತು. ಇದನ್ನೇ ನಾನು ಮಣ್ಣಿನ ಪಾಠದಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ.

ಆಗ ಹುಟ್ಟಿತು ಬೆರಳಿನ ಕಾನೂನು. ಮಣ್ಣಿನಲ್ಲಿ ಬೆರಳು ಇಳಿಸಿ ನೋಡುವುದು. ಹಸಿ ತಾಗಿದರೆ ಅವತ್ತು ಆ ಮಡಿಗೆ ಹೆಚ್ಚಿನ ಕೊಡ ಇಲ್ಲ. ನ್ಯಾಯ ಅನ್ನಿಸುತ್ತದೆ, ಹೌದಲ್ಲ? ಮೂರೇ ದಿನ. ಒಬ್ಬ ಹುಡುಗ ಬೇವಿನ ಒಣ ಎಲೆ ಗುಡಿಸಿ ತಂದು ತನ್ನ ಮಡಿಗೆಲ್ಲ ದಪ್ಪಗೆ ಹೊದಿಸಿದ್ದ. ಅವನ ಮಣ್ಣು ಯಾವಾಗ ನೋಡಿದರೂ ಹಸಿ. ಹಾಗಾಗಿ ಅವನಿಗೆ ನೀರಿಲ್ಲ. "ದುಡಿದವನು ನಾನು, ನೀರು ಸೋಮಾರಿಗೇನು?" ಅಂತ ಕೊಡ ಒಗೆದು ಮನೆಗೆ ಹೋದ. ಇದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಾರನೇ ದಿನ ಮಕ್ಕಳೇ ಹೊಸ ದಾರಿ ಹುಡುಕಿದರು. ಅವನ ಪಾಲಿನ ಕೊಡ ಅವನದೇ. ಬೇಕಾದರೆ ಬೇರೆಯವರಿಗೆ ಸಾಲ ಕೊಡಲಿ, ಒಂದು ಕೊಡಕ್ಕೆ ಒಂದು ಹಿಡಿ ರಾಜಗಿರಿ. ರಾಜಗಿರಿ 25–30 ದಿನಕ್ಕೆ ಕೊಯ್ಲಿಗೆ ಬರುವ ಪಲ್ಯ, ಹಾಗಾಗಿ ಅದೇ ನಮ್ಮ ರೊಕ್ಕ. ವಾರದೊಳಗೆ ಆ ಹುಡುಗ ಐದು ಮಡಿಗಳ ಸಾಹುಕಾರ ಆದ. ನೋಟ್‌ಬುಕ್ ಬೇರೆ ಇಟ್ಟ! ನನಗೆ ಒಳಗೊಳಗೇ ಕಸಿವಿಸಿ. ಬಾಯಿ ಹಾಕಬೇಕು ಅಂದುಕೊಂಡೆ, ಹಾಕಲಿಲ್ಲ. ಒಂದು ಭಾನುವಾರ ಉಳಿದವರೆಲ್ಲ ಕೂತು ಸಾಲ ಮನ್ನಾ ಮಾಡಿಬಿಟ್ಟರು. ಬದಲಿಗೆ ಎಲ್ಲ ಮಡಿಗೂ ಬೇವಿನ ಎಲೆ ಹೊದಿಸಬೇಕು, ಹೊದಿಸಲು ಕಲಿಸುವವನು ಅವನೇ, ಅದಕ್ಕಾಗಿ ದಿನಕ್ಕೊಂದು ಕೊಡ ಅವನಿಗೆ ಖಾಯಂ. ಟ್ಯಾಂಕಿನ ಮೇಲೆ ಇದ್ದಿಲಲ್ಲಿ ಬರೆದರು. ಆ ಅಕ್ಷರ ಇನ್ನೂ ಅರ್ಧ ಉಳಿದಿದೆ.

ದೊಡ್ಡವರ ತಕರಾರು ಬೇರೆಯೇ. ಹುಡುಗಿ ಕಪ್ಪಾಗ್ತಾಳೆ ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಬ್ಬ ತಾಯಿ ಗೇಟಿನಲ್ಲೇ ನಿಂತು ಕೇಳಿದ್ದು ಬೇರೆ: "ನಾವು ಹೊಲದ ಕೂಲಿ ಬಿಟ್ಟು ಇಲ್ಲಿಗೆ ಬಂದಿದ್ದು, ಮಗಳು ಮತ್ತ ಮಣ್ಣಾಗ ಕೈ ಇಡಲಿ ಅಂತೇನ್ರಿ?" ಏನು ಹೇಳಲಿ? ಒಳಗೆ ಬನ್ನಿ ಅಂದೆ. ಬಂದರು. ಬೆಂಡೆ ಮಡಿ ನೋಡಿ, "ಇಷ್ಟು ಒತ್ತಾಗಿ ಯಾರ ಹಾಕ್ಯಾರ?" ಅಂದು ಸೆರಗು ಸಿಕ್ಕಿಸಿ ಸಸಿ ತೆಳುವು ಮಾಡಿದರು, ಗಿಡಗಿಡಕ್ಕೆ ಒಂದು ಗೇಣು ಬಿಟ್ಟು. ಹಾಕಿಸಿದವಳು ನಾನೇ ಅಂತ ಹೇಳಲಿಲ್ಲ. ಮಗಳನ್ನು ಕಳಿಸುವುದು ನಿಲ್ಲಿಸಲಿಲ್ಲ ಅವರು. ಪ್ರಶ್ನೆಯನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ.

ಮೇ ಕೊನೆಗೆ ಒಂದು ರಾತ್ರಿ ಗುಡುಗು ಸಮೇತ ದೊಡ್ಡ ಮಳೆ. ಬಿರುಕೆಲ್ಲ ಕೂಡಿಕೊಂಡು ಮಣ್ಣು ಅಂಟಂಟಾಗಿತ್ತು. ಬೆಳಿಗ್ಗೆ ಆರಕ್ಕೆ ಖುಷಿಯಿಂದ ಹೋದೆ. ಆರೂವರೆ ಆಯಿತು, ಏಳಾಯಿತು. ಒಬ್ಬರೂ ಇಲ್ಲ. ಏಳೂಕಾಲಿಗೆ ಸೌತೆಯ ಹುಡುಗಿಯಿಂದ ಮೆಸೇಜ್: "ಅಕ್ಕೋರೆ, ಇವತ್ತು ನೀರು ಹಂಚೋದು ಅದ ಏನ್ರಿ?"

ಇಲ್ಲ ಅಂತ ಬರೆದೆ. ಬೆಂಡೆ ಒಂದೇ ರಾತ್ರಿಗೆ ಉದ್ದುದ್ದ ಬೆಳೆದಿತ್ತು. ಬಲಿಯುವ ಮೊದಲು ಕೀಳಬೇಕಲ್ಲ, ಚಪ್ಪಲಿ ಕಳಚಿಟ್ಟು ಒಬ್ಬಳೇ ಕೆಸರಿಗಿಳಿದೆ.