ಕಂಬ ಎಲ್ಲೋಯ್ತು?

ಭಾನುವಾರದಿಂದ ಅದೊಂದೇ ಮಾತು ಕಿವಿಯಲ್ಲಿ ಕೂತಿದೆ. ‘ಕಂಬ ಎಲ್ಲೋಯ್ತಪ್ಪ?’

ಅವತ್ತು ಬೆಳಗ್ಗೆ ಗೆಳೆಯನ ಜೊತೆ ಮಾಗಡಿ ಕಡೆ ಹೋಗಿದ್ದೆ. ಸಾವನದುರ್ಗದ ಬಂಡೆ ಇಡಿಯಾಗಿ ಕಾಣುವ ಜಾಗ ಹುಡುಕಿಕೊಂಡು ಹೊಲದ ಬದುಗಳ ಮೇಲೆ ನಡೆದು, ಕೊನೆಗೊಂದು ಕೆರೆ ಏರಿ ಹತ್ತಿದೆವು. ಗೆಳೆಯ ಕಡಿಮೆ ಅಂದರೂ ಅರವತ್ತು ಫೋಟೋ ಹೊಡೆದಿರಬೇಕು. ಮನೆಗೆ ಹೋಗಿ ನೋಡಿಕೊಂಡು ಚಿತ್ರ ಬರೀತೀನಿ ಅನ್ನುತ್ತಾನೆ. ನಾಲ್ಕು ವರ್ಷದಿಂದ ಅನ್ನುತ್ತಲೇ ಇದ್ದಾನೆ.

ನಾನು ಏರಿ ಮೇಲೇ ಬಣ್ಣ, ಕುಂಚ ಹಿಡಿದು ಕೂತೆ. ರಾಗಿ ಕೊಯ್ಲಿಗೆ ಬಂದಿತ್ತು. ಆ ಬಣ್ಣ ಸುಲಭಕ್ಕೆ ಸಿಗುವುದಿಲ್ಲ. ಯೆಲ್ಲೋ ಓಕರ್ ಹಾಕಿದರೆ ಗೋಧಿ ಹೊಲ, ಬರ್ನ್ಟ್ ಸಿಯೆನ್ನಾ ಹಾಕಿದರೆ ಉತ್ತ ಮಣ್ಣು. ಎರಡನ್ನೂ ಬೆರೆಸಿ, ತೆನೆಗಳ ನೆರಳಿಗೆ ಚೂರು ನೇರಳೆ ಮುಟ್ಟಿಸಿದಾಗ ರಾಗಿ ಅನ್ನಿಸಿತು. ನಡುನಡುವೆ ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳಿನ ಕೊನೆಯ ಹಳದಿ ಹೂ. ಹಿಂದೆ ಬಂಡೆ, ಅದರ ಮೈಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳು. ಚೆನ್ನಾಗಿಯೇ ಬಂತು ಅಂತ ನಾನೇ ಹೇಳಿಕೊಳ್ಳಬೇಕು.

ಮೇವಿನ ಹೊರೆ ಹೊತ್ತ ಅಜ್ಜಿಯೊಬ್ಬರು ನಿಂತು ನೋಡಿದರು. ಹೊರೆ ಇಳಿಸಲಿಲ್ಲ.

‘ನಮ್ಮೊಲ ಅಲ್ವಾ ಇದು? ಕಂಬ ಎಲ್ಲೋಯ್ತಪ್ಪ?’

ಹೊಲದ ಎಡಕ್ಕೆ ಒಂದು ಕರೆಂಟ್ ಕಂಬ ಇತ್ತು. ಬಿಟ್ಟಿದ್ದೆ. ಯಾರಾದರೂ ಬಿಡುತ್ತಾರೆ.

‘ಅದು ಚೆನ್ನಾಗಿ ಕಾಣಲ್ಲ ಅಜ್ಜಿ’ ಅಂದೆ.

‘ಚೆನ್ನಾಗ್ ಕಾಣಲ್ವಾ! ಅದೊಂದ್ ಕಂಬ ಬರಕ್ಕೆ ನಮ್ಮೆಜಮಾನ್ರು ಎಷ್ಟ್ ವರ್ಷ ಆಫೀಸಿಗ್ ಅಲೆದವ್ರೆ ಗೊತ್ತಾ? ಬೋರಿಗೆ ನೀರ್ ಬಂದಿದ್ ನೋಡ್ದೆ ಹೋಗ್ಬುಟ್ರು.’

ನನ್ನ ಗೆಳೆಯ ಸುಮ್ಮನಿರಬೇಕಿತ್ತು. ‘ಅಜ್ಜಿ, ಇದು ಆರ್ಟು, ಹಂಗೆಲ್ಲ ಇದ್ದಿದ್ದನ್ನೆಲ್ಲ ಬರೆಯಲ್ಲ’ ಅಂತ ಪಾಠ ಶುರು ಮಾಡಿದ. ಅಜ್ಜಿ ಅವನ ಕಡೆ ತಿರುಗಲೂ ಇಲ್ಲ. ‘ಬಂಡೆ ಚೆನ್ನಾಗ್ ಬಂದದೆ’ ಅಂತ ನನಗೆ ಹೇಳಿ ಹೊರಟರು. ಅದು ಮೆಚ್ಚುಗೆಯೋ ಸಮಾಧಾನವೋ ಇವತ್ತಿಗೂ ಗೊತ್ತಾಗಿಲ್ಲ.

ನಮಗೆ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: ಏನು ಬಿಡಬೇಕು ಅಂತ ಗೊತ್ತಾದರೆ ಅರ್ಧ ಚಿತ್ರ ಮುಗಿದಂತೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಕಲಾವಿದ ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದೇನೆ. ಮಂಜು, ಬೆಟ್ಟ, ಮೌನ. ರುಮಾಲೆ ಚನ್ನಬಸವಯ್ಯನವರು ಬರೆದ ಹೂ ಬಿಟ್ಟ ಮರಗಳನ್ನು ನೋಡಿ ಕುಂಚ ಹಿಡಿದವನು ನಾನು. ಅವರೇನು ಬಿಟ್ಟರು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅವರ ಮಾತು ಬಿಡಿ, ನಾನು ಇಷ್ಟು ವರ್ಷ ಬರೆದ ಹಳ್ಳಿಗಳಲ್ಲಿ ಒಂದು ಕಂಬವಿಲ್ಲ, ಒಂದು ನೀಲಿ ಟಾರ್ಪಾಲಿಲ್ಲ, ಸಿಂಟೆಕ್ಸ್ ಟ್ಯಾಂಕಿಲ್ಲ. ಮುರಿದ ಗಾಡಿಯ ಚಕ್ರ ಮಾತ್ರ ಧಾರಾಳವಾಗಿವೆ. ಅವನ್ನು ನಾನು ಎಲ್ಲಿ ನೋಡಿದ್ದೆನೋ!

ಸೋಮವಾರ ರಾತ್ರಿ ಕಂಬ ಸೇರಿಸಲು ಕೂತೆ. ಜಲವರ್ಣದಲ್ಲಿ ಗಾಢದ ಮೇಲೆ ತಿಳಿ ಬಣ್ಣ ಕೂರುವುದಿಲ್ಲ, ಒಣಗಿದ ಬಣ್ಣವನ್ನು ಒದ್ದೆ ಕುಂಚದಿಂದ ಎತ್ತಬೇಕು. ಎತ್ತುತ್ತಾ ಹೋದರೆ ಕಾಗದ ನಾರೆದ್ದಿತು. ಅದಕ್ಕಿಂತ ದೊಡ್ಡ ತೊಂದರೆ, ಕಂಬ ಯಾವ ಕಡೆಗೆ ವಾಲಿತ್ತು, ತಂತಿ ಮೂರೋ ನಾಲ್ಕೋ, ನೆನಪೇ ಇಲ್ಲ. ಎರಡು ಗಂಟೆ ಅದರ ಎದುರಿಗೇ ಕೂತಿದ್ದೆ.

ಗೆಳೆಯನಿಗೆ ಫೋನ್ ಮಾಡಿ ಫೋಟೋ ಕೇಳಿದೆ. ಎಲ್ಲಾ ಕಳಿಸಿದ. ಒಂದರಲ್ಲೂ ಕಂಬ ಇಲ್ಲ.