ಕಾಗದ ಬಂತು, ಅಂಟು ಬರಲಿಲ್ಲ

ಅಕ್ಷಯ ತೃತೀಯದ ದಿನ ತಂಗಿಯ ಮನೆ ಗೃಹಪ್ರವೇಶ. ಮನೆಗೆ ಅವಳು ಇಟ್ಟ ಹೆಸರು ‘ನೆರಳು’. ಮೂರೇ ಅಕ್ಷರ. ಬಾಗಿಲ ಪಕ್ಕಕ್ಕೆ ಮರದ ಹೆಸರಿನ ಹಲಗೆ ನಾನೇ ಮಾಡಿಕೊಡುತ್ತೇನೆ ಅಂತ ಯುಗಾದಿಗೆ ಮೊದಲೇ ಮಾತು ಕೊಟ್ಟಿದ್ದೆ. ಅಕ್ಷರಗಳು ಬೀಟೆಯವು, ಹಿಂದಿನ ಹಲಗೆ ಹಲಸಿನದು. ಕಪ್ಪು ಕೆಂಪು ಬೆರೆತ ಬೀಟೆ, ಅರಿಸಿನ ಬಣ್ಣದ ಹಲಸು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬಣ್ಣವೇ ಬೇಡ.

ಆ ಬೀಟೆ ಅಂಗಡಿಯಿಂದ ತಂದದ್ದಲ್ಲ. ನಮ್ಮ ಅಜ್ಜನ ಮಂಚದ ತಲೆ ಕಡೆಯ ಹಲಗೆ. ಕಾಲು ಮುರಿದ ಮೇಲೆ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಅದನ್ನು ಇಳಿಸಿ, ಮಿಲ್ಲಿನಲ್ಲಿ ಸೀಳಿಸಿ, 6 ಮಿಲಿಮೀಟರ್ ದಪ್ಪಕ್ಕೆ ಪ್ಲೇನಿಂಗ್ ಮಾಡಿಸಿಕೊಂಡು ಬಂದಾಗ ಮೂರು ಅಕ್ಷರಕ್ಕೆ ಸಾಕಾಗಿ ಒಂದು ಚೂರು ಉಳಿಯುವಷ್ಟು ಸಿಕ್ಕಿತು. ಒಂದು ಅಕ್ಷರ ಹಾಳಾದರೂ ಇನ್ನೊಂದಕ್ಕೆ ಮರ ಇಲ್ಲ. ಇದು ತಲೆಯಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಿದ್ದೆ.

ಸ್ಕ್ರೋಲ್ ಸಾ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಓಡುವ ಸಣ್ಣ ಗರಗಸದ ಬ್ಲೇಡು ಇದರಲ್ಲಿ. ಬ್ಲೇಡು ಅಲ್ಲೇ ನಿಂತಿರುತ್ತದೆ, ಮರವನ್ನು ನಾವು ತಿರುಗಿಸುತ್ತಾ ಹೋಗಬೇಕು. ಕನ್ನಡ ಅಕ್ಷರದಲ್ಲಿ ನೇರ ಗೆರೆಗಿಂತ ತಿರುವೇ ಜಾಸ್ತಿ ಅಲ್ವಾ, ಹಾಗಾಗಿ ಈ ಮಿಷನ್ನು ನಮ್ಮ ಲಿಪಿಗೇ ಹೇಳಿ ಮಾಡಿಸಿದ ಹಾಗಿದೆ ಅನಿಸುತ್ತದೆ ನನಗೆ. ‘ರ’ದ ಒಳಗಿನ ಗುಂಡು ಭಾಗ ತೆಗೆಯಬೇಕಾದರೆ ಮೊದಲು ಅಲ್ಲಿ 2 ಮಿಲಿಮೀಟರ್ ತೂತು ಕೊರೆದು, ಬ್ಲೇಡ್ ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿದು ಕುಯ್ಯಬೇಕು. ಗೆರೆ ಬೇಕಲ್ಲ, ಅದಕ್ಕೆ ಅಕ್ಷರವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಮರಕ್ಕೆ ಅಂಟಿಸುತ್ತೇವೆ. ಕುಯ್ದಾದ ಮೇಲೆ ಕಾಗದ ಕಿತ್ತು ಬಿಸಾಡುತ್ತೇವೆ. ಕೇಳಲು ಇಷ್ಟೇ.

ಯುಗಾದಿಯ ಹಿಂದಿನ ದಿನ ಕಾಗದ ಅಂಟಿಸಿದೆ. ಸ್ಪ್ರೇ ಅಂಟು ಬಳಸಿದ್ದೆ. ಇದನ್ನು ಕಾಗದದ ಹಿಂಬದಿಗೆ ಮಾತ್ರ ತೆಳ್ಳಗೆ ಹೊಡೆದು, ಅರ್ಧ ನಿಮಿಷ ಒಣಗಲು ಬಿಟ್ಟು, ಕೈಗೆ ಜಿಗುಟು ಅನ್ನುವಾಗ ಮರಕ್ಕೆ ಒತ್ತಿದರೆ ಆಮೇಲೆ ಬಿಡಿಸುವುದು ಸುಲಭ. ಮರಕ್ಕೂ ಕಾಗದಕ್ಕೂ ಎರಡಕ್ಕೂ ಹೊಡೆದರೆ ಅದು ಕಾಯಂ ಅಂಟು. ಮಧ್ಯದಲ್ಲಿ ಕಾಗದ ಎದ್ದುಬಿಟ್ಟರೆ ಅಂತ ಹೆದರಿ ನಾನು ಎರಡಕ್ಕೂ ಹೊಡೆದೆ. ಆಮೇಲೆ ಆಫೀಸಿನ ಕೆಲಸ, ಊರಿನ ಜಾತ್ರೆ, ಬ್ಲೇಡು ತರಿಸುವುದು ಅಂತ ಒಂದು ತಿಂಗಳು ಹೋಯಿತು. ಅಷ್ಟು ದಿನವೂ ಆ ಹಲಗೆ ನಮ್ಮ ಮೈಸೂರಿನ ಮನೆಯ ತಾರಸಿ ಮೇಲಿನ ಶೀಟಿನ ರೂಮಿನಲ್ಲಿತ್ತು. ಏಪ್ರಿಲ್ ಬಿಸಿಲಿಗೆ ಆ ಶೀಟಿನ ಕೆಳಗೆ ಮಧ್ಯಾಹ್ನ ನಿಲ್ಲಲು ಆಗುವುದಿಲ್ಲ. ಅಂಟು ಕರಗಿ ಮರದ ಸಣ್ಣ ತೂತುಗಳಿಗೆಲ್ಲ ಇಳಿದು ಗಟ್ಟಿಯಾಗಿ ಕೂತಿತ್ತು. ಅದು ನನಗೆ ಗೊತ್ತಾಗಿದ್ದು ಗೃಹಪ್ರವೇಶಕ್ಕೆ ನಾಲ್ಕು ದಿನ ಇದ್ದಾಗ.

ಹಿಂದಿನ ರಾತ್ರಿ ಕುಯ್ಯುವ ಕೆಲಸ ಚೆನ್ನಾಗಿಯೇ ಆಗಿತ್ತು. ಬೀಟೆ ಗಟ್ಟಿ ಮರ, ಬ್ಲೇಡಿನ ಬಿಸಿಗೆ ಅಂಚು ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ಕಾಗದದ ಮೇಲೆ ಪ್ಯಾಕಿಂಗ್ ಟೇಪ್ ಹಚ್ಚಿದ್ದೆ, ಟೇಪ್ ಇದ್ದರೆ ಬ್ಲೇಡು ಅಷ್ಟು ಕಾಯುವುದಿಲ್ಲ. ಮೂಗಿಗೆ ಮಾಸ್ಕ್ ಕಟ್ಟಿಕೊಂಡಿದ್ದೆ, ಬೀಟೆಯ ಧೂಳು ಕೆಲವರಿಗೆ ಉಸಿರಿಗೂ ಚರ್ಮಕ್ಕೂ ಆಗುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿದು ‘ನೆ’ ಕೈಗೆತ್ತಿಕೊಂಡು ಟೇಪಿನ ತುದಿ ಎಳೆದೆ. ಟೇಪು ಬಂತು, ಅದರ ಜೊತೆ ಕಾಗದದ ಮೇಲ್ಪದರವೂ ಬಂತು. ಕೆಳಗಿನ ಪದರ ಮರದ ಮೇಲೆ ಬಿಳಿ ನೂಲಿನ ಹಾಗೆ ಉಳಿದುಕೊಂಡಿತು. ಉಗುರಿನಲ್ಲಿ ಕೆರೆದೆ. ಕಾಗದದ ಚೂರು ಬಂತು, ಅಂಟು ಬರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು 120 ನಂಬರಿನ ಉಪ್ಪು ಕಾಗದ ತೆಗೆದುಕೊಂಡು ಉಜ್ಜಲು ಶುರು ಮಾಡಿದೆ. ಒಂದು ನಿಮಿಷಕ್ಕೆ ಉಪ್ಪು ಕಾಗದದ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಉಂಡೆಗಳು ಕಟ್ಟಿಕೊಂಡವು. ಇನ್ನಷ್ಟು ಒತ್ತಿ ಉಜ್ಜಿದಷ್ಟೂ ಬಿಸಿಯಾಗಿ ಅಂಟು ಮೆತ್ತಗಾಗುತ್ತಿತ್ತು, ಮೆತ್ತಗಾದದ್ದು ಬೀಟೆಯ ಪುಡಿಯ ಜೊತೆ ಸೇರಿ ಮರದ ಎಳೆಯೊಳಗೆ ಇನ್ನೂ ಕೆಳಕ್ಕೆ ಹೋಗುತ್ತಿತ್ತು. ಮೂರು ತುಂಡು ಉಪ್ಪು ಕಾಗದ ಮುಗಿದವು. ‘ನೆ’ಯ ಹೊಟ್ಟೆಯ ಭಾಗ ಬೆಳಕಿಗೆ ಹಿಡಿದರೆ ಎಣ್ಣೆ ಬಿದ್ದ ಹಾಗೆ ಹೊಳೆಯುತ್ತಿತ್ತು. ಮುಟ್ಟಿದರೆ ಬೆರಳು ಹಿಡಿಯುತ್ತಿತ್ತು. ಎದೆ ಧಸಕ್ ಅಂದಿತು.

ಅಮ್ಮ ಬಟ್ಟೆ ಒಣಗಿಸಲು ಮೇಲೆ ಬಂದವರು ನೋಡಿದರು. ‘ಹಲಸಿನ ಹಣ್ಣಿನ ಮೇಣಕ್ಕೆ ಏನು ಮಾಡ್ತೀವಿ? ಕೊಬ್ಬರಿ ಎಣ್ಣೆ ಹಚ್ಚು ಕಣೋ, ತಾನಾಗೇ ಬಿಡುತ್ತೆ’ ಅಂದರು. ಮಾತು ಸರಿಯಾಗಿತ್ತು. ಹಲಸು ಬಿಡಿಸುವ ಮೊದಲು ಕೈಗೂ ಚಾಕುವಿಗೂ ಎಣ್ಣೆ ಹಚ್ಚಿಕೊಳ್ಳುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಕ್ಷರಕ್ಕೆ ಹಚ್ಚಲು ಧೈರ್ಯ ಬರಲಿಲ್ಲ. ಕಾಗದ ಅಂಟಿದ್ದ ಒಂದು ಕಸದ ಚೂರಿಗೆ ಎರಡು ಹನಿ ಹಾಕಿ ಹತ್ತು ನಿಮಿಷ ಬಿಟ್ಟೆ. ಅಮ್ಮ ಹೇಳಿದ ಹಾಗೇ ಆಯಿತು, ಅಂಟು ಮೆತ್ತಗಾಗಿ ಬಟ್ಟೆಗೆ ಬಂತು. ಆದರೆ ಎಣ್ಣೆ ಮರದೊಳಗೆ ಉಳಿಯಿತು. ಸಾಬೂನು ನೀರಿನಲ್ಲಿ ಒರೆಸಿ ನೋಡಿದೆ, ಎಣ್ಣೆಯ ಕಲೆ ಹಾಗೇ ಇತ್ತು, ನೀರು ಬಿದ್ದ ಕಡೆ ಮರದ ನಾರು ಎದ್ದು ಒರಟಾಯಿತು. ಕೈಗಾದರೆ ಎಣ್ಣೆ ಒಳ್ಳೆಯದೇ. ಪಾಲಿಶ್ ಹಿಡಿಯಬೇಕಾದ ಮರಕ್ಕೆ ಅದು ಬೇಡ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಥಿನ್ನರ್ ತಂದೆ. ಅಂಗಡಿಯವರು ಕೊಟ್ಟದ್ದು ಎನ್‌ಸಿ ಥಿನ್ನರ್, ಅಂದರೆ ಮರದ ಲ್ಯಾಕರ್ ಪಾಲಿಶ್ ತೆಳ್ಳಗೆ ಮಾಡಲು ಬೆರೆಸುವ ದ್ರವ. ಈ ಸಲ ‘ರ’ ತೆಗೆದುಕೊಂಡು, ಬಿಳಿ ಬನಿಯನ್ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಒರೆಸಿದೆ. ಅಂಟೇನೋ ಬಂತು. ಬಟ್ಟೆ ತಿರುಗಿಸಿ ನೋಡಿದರೆ ನೇರಳೆ ಹಣ್ಣು ತಿಂದು ಒರೆಸಿದ ಹಾಗೆ ಬಣ್ಣ! ಬೀಟೆಯ ಬಣ್ಣವೇ ಇಳಿಯುತ್ತಿತ್ತು. ಬೀಟೆಯೊಳಗಿನ ಬಣ್ಣ ಥಿನ್ನರಿಗೆ, ಸ್ಪಿರಿಟ್ಟಿಗೆ, ಉಗುರು ಬಣ್ಣ ತೆಗೆಯುವ ಅಸಿಟೋನಿಗೆ ಕರಗಿ ಹೊರಗೆ ಬರುತ್ತದೆ ಅನ್ನುವುದು ನನಗೆ ಆವತ್ತೇ ಕಣ್ಣಾರೆ ಗೊತ್ತಾದದ್ದು. ಅಕ್ಷರಗಳನ್ನು ಹಲಸಿನ ಹಲಗೆಗೆ ಮೊದಲೇ ಕೂಡಿಸಿಬಿಟ್ಟಿದ್ದರೆ ಆ ಹಳದಿ ಮರದ ಮೇಲೆಲ್ಲ ನೇರಳೆ ಕಲೆ ಹರಿದಿರುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ.

ಮೂರೂ ಅಕ್ಷರ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಬೀದಿ ಕೊನೆಯ ಆಚಾರ್ರ ಹತ್ತಿರ ಹೋದೆ. ಎಪ್ಪತ್ತು ದಾಟಿದವರು. ವಯಸ್ಸಿನಲ್ಲಿ ಇನ್‌ಲೇ ಕೆಲಸ ಮಾಡಿದವರು, ಅಂದರೆ ಮೈಸೂರಿನಲ್ಲಿ ಬೀಟೆ ಹಲಗೆಯೊಳಗೆ ಬೇರೆ ಬೇರೆ ಬಣ್ಣದ ಮರದ ತೆಳು ಚೂರುಗಳನ್ನು ಕೂಡಿಸಿ ಆನೆ, ಮರ, ಮನೆ ಅಂತ ಚಿತ್ರ ಮಾಡುತ್ತಾರಲ್ಲ, ಅದು. ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರುವ ಕಸುಬು ಅದು. ಆ ಚೂರುಗಳನ್ನೆಲ್ಲ ಕೈ ಗರಗಸದಲ್ಲೇ ಕುಯ್ದವರಿಗೆ ನನ್ನ ತೊಂದರೆ ಹೇಳಿ ತಿಳಿಸಬೇಕಾಗಲಿಲ್ಲ. ‘ನೆ’ಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಆಮೇಲೆ ಇನ್ನೂ ಮುಟ್ಟದೇ ಇದ್ದ ‘ಳು’ ತೆಗೆದುಕೊಂಡರು.

‘ಕಾಗದ ಯಾಕಪ್ಪ ಕಿತ್ತೆ?’ ಅಂದರು.

‘ಕಿತ್ತರೆ ತಾನೇ ಆಚಾರ್ರೇ ಅಂಟಿಗೆ ಕೈ ಹಾಕೋಕೆ ಆಗೋದು?’

‘ಕಾಗದ ಇರಲಿ. ಅದು ನೆನೆಯುತ್ತೆ. ಟೇಪ್ ಮಾತ್ರ ನಿಧಾನಕ್ಕೆ ತೆಗಿ. ಟರ್ಪೆಂಟೈನ್ ಹಾಕು, ಸುಮ್ನೆ ಕೂತ್ಕೊ.’

ಪೇಂಟರುಗಳು ಇನಾಮಲ್ ಪೇಂಟಿಗೆ ಬೆರೆಸುವ ಟರ್ಪೆಂಟೈನ್ ಡಬ್ಬಿ ಅವರ ಹತ್ತಿರವೇ ಇತ್ತು. ಬಾಗಿಲು ಕಿಟಕಿ ಪೂರ್ತಿ ತೆಗೆದು, ಮೂಲೆಯಲ್ಲಿ ಉರಿಯುತ್ತಿದ್ದ ಊದುಬತ್ತಿ ಆರಿಸಿ ಬಂದು ಕೂತರು. ‘ಳು’ವಿನ ಟೇಪನ್ನು ಪಕ್ಕಕ್ಕೆ ಮಡಚಿಕೊಂಡು ಮರಕ್ಕೆ ಒತ್ತಿದ ಹಾಗೇ ಎಳೆದರು, ಕಾಗದ ಹೆಚ್ಚುಕಡಿಮೆ ಪೂರ್ತಿ ಉಳಿಯಿತು. ಬ್ರಷ್ಷಿನಲ್ಲಿ ಕಾಗದದ ಮೇಲೆ ಟರ್ಪೆಂಟೈನ್ ಹಚ್ಚಿದರು. ಬಿಳಿ ಕಾಗದ ನೋಡನೋಡುತ್ತಿದ್ದ ಹಾಗೇ ಎಣ್ಣೆ ಕುಡಿದ ಬೋಂಡಾದ ಪೇಪರಿನ ಹಾಗೆ ಪಾರದರ್ಶಕ ಆಯಿತು. ಅದರ ಕೆಳಗೆ ಬೀಟೆಯ ಕಪ್ಪು ಗೆರೆಗಳು ಕಾಣಿಸಿದವು. ಅಲ್ಲಲ್ಲಿ ಬಿಳಿಯಾಗಿ ಉಳಿದ ಕಡೆ ಇನ್ನೂ ಎರಡು ಹನಿ ಬಿಟ್ಟರು. ಐದು ನಿಮಿಷ ಮಾತಿಲ್ಲ. ಆಮೇಲೆ ತುದಿ ಹಿಡಿದು ಎತ್ತಿದರೆ ಕಾಗದ ಇಡಿಯಾಗಿ, ಒದ್ದೆ ಬಾಳೆಲೆ ಎತ್ತಿದ ಹಾಗೆ ಎದ್ದು ಬಂತು. ಅಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಗದದ ಜೊತೆಗೇ ಬಂದಿತ್ತು.

ಈ ಸ್ಪ್ರೇ ಅಂಟು ರಬ್ಬರಿನ ಜಾತಿಯದ್ದು. ನೀರಿಗೆ ಜಗ್ಗುವುದಿಲ್ಲ, ಎಣ್ಣೆ ಜಾತಿಯದ್ದಕ್ಕೆ ಜಗ್ಗುತ್ತದೆ. ಅಮ್ಮ ಹೇಳಿದ ಕೊಬ್ಬರಿ ಎಣ್ಣೆಗೂ ಟರ್ಪೆಂಟೈನಿಗೂ ಅಷ್ಟರ ಮಟ್ಟಿಗೆ ಕೆಲಸ ಒಂದೇ. ಎಣ್ಣೆ ಮರದಲ್ಲೇ ಉಳಿಯುತ್ತದೆ, ಟರ್ಪೆಂಟೈನ್ ಆರಿ ಹೋಗುತ್ತದೆ, ವ್ಯತ್ಯಾಸ ಅದು. ಥಿನ್ನರಿನ ಹಾಗೆ ಬೀಟೆಯ ಬಣ್ಣವನ್ನೂ ಎಳೆಯುವುದಿಲ್ಲ. ಆಚಾರ್ರು ಒರೆಸಿದ ಬಟ್ಟೆಯಲ್ಲಿ ತುಸು ಕಂದು ಬಿಟ್ಟರೆ ಏನೂ ಇರಲಿಲ್ಲ. ಇನ್ನು ಕಾಗದ ಅಂಟಿಸಿದ್ದು ಫೆವಿಕಾಲಿನಲ್ಲಿ ಅಂತಾದರೆ ಟರ್ಪೆಂಟೈನ್ ಏನೂ ಮಾಡುವುದಿಲ್ಲ, ಅದಕ್ಕೆ ಬಿಸಿನೀರಿನ ಬಟ್ಟೆಯೇ ಬೇಕು. ಯಾವುದರಲ್ಲಿ ಅಂಟಿಸಿದ್ದು ಅಂತ ಮೊದಲು ಕೇಳಿದ್ದು ಅವರು. ಬೆಳಿಗ್ಗೆಯಿಂದ ನಾನು ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ.

ಉಳಿದದ್ದನ್ನು ನನ್ನ ಕೈಯಲ್ಲೇ ಮಾಡಿಸಿದರು. ಹಳೆಯ ಎಟಿಎಂ ಕಾರ್ಡಿನ ಅಂಚಿನಲ್ಲಿ, ಮರದ ಎಳೆ ಹೋದ ದಿಕ್ಕಿಗೇ, ಮೆತ್ತಗಾದ ಅಂಟನ್ನು ತಳ್ಳುವುದು. ಚಾಕು ಬೇಡ, ಗೀರು ಬೀಳುತ್ತೆ ಅಂದರು. ‘ಳು’ವಿನ ಸಣ್ಣ ತಿರುವುಗಳಿಗೆ ಬಿದಿರು ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒರೆಸುವುದು. ಒರೆಸುವಾಗ ಪ್ರತಿ ಸಲವೂ ಬಟ್ಟೆಯ ಹೊಸ ಜಾಗ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಕಡೆ ತೆಗೆದ ಅಂಟನ್ನು ಇನ್ನೊಂದು ಕಡೆ ಬಳಿಯುತ್ತಿರುತ್ತೇವೆ. ನಾನು ಎರಡು ಸಲ ಮರೆತೆ, ಎರಡು ಸಲವೂ ಅವರು ನನ್ನ ಕೈ ಹಿಡಿದು ಬಟ್ಟೆ ತಿರುಗಿಸಿದರು. ‘ರ’ ಬೇಗ ಮುಗಿಯಿತು. ಥಿನ್ನರ್ ತಾಗಿದ ಕಡೆ ಕೊಂಚ ಮಂಕಾಗಿತ್ತು, ಪಾಲಿಶ್ ಬಿದ್ದರೆ ಸರಿಹೋಗುತ್ತೆ ಬಿಡು ಅಂದರು.

ಕಷ್ಟ ಆದದ್ದು ‘ನೆ’. ನಾನು ಉಜ್ಜಿ ಉಜ್ಜಿ ಒಳಗೆ ತುಂಬಿಸಿದ ಅಂಟು ಟರ್ಪೆಂಟೈನಿಗೂ ಪೂರ್ತಿ ಬರಲಿಲ್ಲ. ನಾಲ್ಕು ಸಲ ನೆನೆಸಿ ಒರೆಸಿದ ಮೇಲೂ ಬೆಳಕಿಗೆ ಹಿಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಹೊಳೆಯುತ್ತಿತ್ತು. ಇವತ್ತು ಬಿಡು, ರಾತ್ರಿಯೆಲ್ಲ ಆರಲಿ ಅಂದರು. ಒದ್ದೆ ಬಟ್ಟೆಗಳನ್ನು ಮುದ್ದೆ ಮಾಡಿ ಕಸಕ್ಕೆ ಹಾಕಲು ಹೋದೆ, ಬೈದರು. ಅವು ಬೆಂಕಿ ಹಿಡಿಯುವ ಸಾಮಾನು, ಬಿಡಿಸಿ ಹೊರಗೆ ತಂತಿ ಮೇಲೆ ಒಣ ಹಾಕಬೇಕು.

ಮಾರನೇ ದಿನ ಸಂಜೆ ಆಫೀಸಿನಿಂದ ನೇರ ಅಲ್ಲಿಗೇ ಹೋದೆ. ಆಚಾರ್ರು ಒಂದು ಒಡೆದ ಕಿಟಕಿ ಗಾಜಿನ ಚೂರು ತೆಗೆದುಕೊಂಡರು. ಹಳೆಯ ಬಡಗಿಗಳು ಮರ ನಯ ಮಾಡಲು ಗಾಜಿನ ಅಂಚು ಬಳಸುತ್ತಾರೆ ಅಂತ ಕೇಳಿದ್ದೆ, ನೋಡಿದ್ದು ಅವತ್ತೇ. ಗಾಜನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ಒತ್ತದೇ, ‘ನೆ’ಯ ಮೇಲೆ ಎಳೆದರು. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಸುರುಳಿ ಎದ್ದಿತು. ಎಂಟು ಹತ್ತು ಸಲ ಎಳೆದದ್ದಕ್ಕೆ ಆ ಹೊಳಪು ಹೋಯಿತು, ಕೆಳಗಿನಿಂದ ಹೊಸ ಬೀಟೆ ಬಂತು. ಅದರ ವಾಸನೆ ಬಂದಾಗ ನನಗೆ ಅಜ್ಜನ ಕೋಣೆ ನೆನಪಾಯಿತು. ಅಷ್ಟು ವರ್ಷ ಹಳೆಯ ಮರದಲ್ಲಿ ಇನ್ನೂ ಆ ವಾಸನೆ ಇತ್ತು.

220 ನಂಬರಿನ ಉಪ್ಪು ಕಾಗದ ಕೈಯಲ್ಲೇ ಆಡಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಚ್ಚಿದೆವು. ಸ್ಪಿರಿಟ್ಟಿಗೂ ಬೀಟೆ ಬಣ್ಣ ಬಿಡುತ್ತದಲ್ಲ, ಹಾಗಾಗಿ ಅಕ್ಷರಗಳಿಗೆ ಬೇರೆ, ಹಲಸಿನ ಹಲಗೆಗೆ ಬೇರೆ ಹಚ್ಚಿ, ಪೂರ್ತಿ ಒಣಗಿದ ಮೇಲೇ ಕೂಡಿಸಿದ್ದು. ಮೊದಲ ಕೈ ಬಿದ್ದಾಗ ಉಸಿರು ಹಿಡಿದು ‘ನೆ’ಯನ್ನೇ ನೋಡುತ್ತಿದ್ದೆ, ಅಂಟು ಉಳಿದಿದ್ದರೆ ಪಾಲಿಶ್ ಅಲ್ಲಿ ಬಿಟ್ಟುಕೊಳ್ಳುತ್ತದೆ. ಎಲ್ಲಾ ಕಡೆ ಒಂದೇ ಸಮ ಹರಡಿತು.

ಅರಗಿನ ಒಂದು ಕೈ ಮೊದಲೇ ಹಚ್ಚಿ ಒಣಗಿಸಿ, ಅದರ ಮೇಲೆ ಕಾಗದ ಅಂಟಿಸಿದ್ದರೆ ಅಂಟು ಮರಕ್ಕೆ ಇಳಿಯುತ್ತಲೇ ಇರಲಿಲ್ಲ ಅಂತ ಆಚಾರ್ರು ಆಮೇಲೆ ಹೇಳಿದರು. ಅರಗು ಟರ್ಪೆಂಟೈನಿಗೆ ಕರಗುವುದಿಲ್ಲ, ಅಂಟು ಮಾತ್ರ ಬಿಡುತ್ತದೆ. ನಾನು ಈಗ ಮಾಡುವುದು ಇನ್ನೂ ಸುಲಭದ ದಾರಿ. ಮರಕ್ಕೆ ಮೊದಲು ಮಾಸ್ಕಿಂಗ್ ಟೇಪ್, ಅದರ ಮೇಲೆ ಮಕ್ಕಳು ಶಾಲೆಗೆ ಒಯ್ಯುವ ಗ್ಲೂ ಸ್ಟಿಕ್ಕಿನಲ್ಲಿ ಕಾಗದ. ಕುಯ್ದ ದಿನವೇ ಟೇಪ್ ಎಳೆದರೆ ಮರ ಶುದ್ಧವಾಗಿ ಈಚೆ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಟೇಪಿನ ಗಮ್ಮೂ ಮರಕ್ಕೆ ಹಿಡಿಯುತ್ತದೆ, ಅದಂತೂ ಬೇಡ.

ಗೃಹಪ್ರವೇಶದ ದಿನ ಬೆಳಿಗ್ಗೆ ಐದಕ್ಕೆ ಹಲಗೆ ತೂಗು ಹಾಕಿದೆವು. ತಂಗಿ ಪೂಜೆಯ ಗಡಿಬಿಡಿಯಲ್ಲೂ ಬಂದು ‘ನೆ’ಯ ಮೇಲೆ ಬೆರಳಾಡಿಸಿ, ‘ಇದು ತಾತನ ಮಂಚ ಅಲ್ವೇನೋ?’ ಅಂತ ಕೇಳಿದಳು. ನಾನು ಹೇಳಿರಲಿಲ್ಲ.

ಮಂಚದ ಹಲಗೆಯಲ್ಲಿ ಇನ್ನೂ ಒಂದು ಚೂರು ಉಳಿದಿದೆ. ದೇವರ ಮನೆಗೆ ಸಣ್ಣದೊಂದು ಶಂಖ ಕುಯ್ದುಕೊಡು ಅಂತ ಅಮ್ಮ ಕೇಳಿದ್ದಾರೆ. ಬೆಳಿಗ್ಗೆ ಟೇಪ್ ಹಚ್ಚಿ ಕಾಗದ ಅಂಟಿಸಿ ಇಟ್ಟಿದ್ದೇನೆ. ಇಷ್ಟು ಬರೆದು ಮುಗಿಸಿ ಮೇಲೆ ಹೋಗುತ್ತೇನೆ, ಅದನ್ನು ಇವತ್ತೇ ಕುಯ್ಯಬೇಕು.