ಚೀಟಿ ಇಟ್ಟ ಪುಸ್ತಕಗಳು: ಮಳೆಗಾಲದ ಲೆಕ್ಕ

ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಪುಸ್ತಕ ಓದಿ, ಒಳಗೆ ಚೀಟಿ ಇಟ್ಟು ಬೇರೆಯವರಿಗೆ ದಾಟಿಸುವುದು, ಇದು ಜೂನ್ 1ಕ್ಕೆ ಶುರು ಮಾಡಿದ ಕೆಲಸ. ಇವತ್ತಿಗೆ ಮೂರೂವರೆ ತಿಂಗಳಾಯಿತು. ಎಲ್ಲಿಗೆ ಬಂತು ಎಂದು ಮೊದಲೇ ಹೇಳಿಬಿಡುತ್ತೇನೆ. ಓದಿ ಮುಗಿಸಿದ್ದು 9, ಅರ್ಧಕ್ಕೆ ಬಿಟ್ಟಿದ್ದು 2, ಬೇರೆಯವರಿಗೆ ಕೊಟ್ಟಿದ್ದು 7, ವಾಪಸ್ ಬಂದಿದ್ದು 5, ಬೂಷ್ಟು ಹಿಡಿದದ್ದು 3.

ಹಿಂದಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಹುಟ್ಟಿದ್ದು ಕುಮಟಾ ಕಡೆ, ಈಗ ಇರುವುದು ಕಾರವಾರದಲ್ಲಿ. ಹೋದ ವರ್ಷ ಕಪಾಟು ಒರೆಸುವಾಗ ನೋಡಿದರೆ ನಮ್ಮ ಜಿಲ್ಲೆಯವರು ಬರೆದ ಪುಸ್ತಕ ನಾಲ್ಕೇ ನಾಲ್ಕು. ಅದರಲ್ಲಿ ಎರಡನ್ನು ತೆರೆದೇ ಇರಲಿಲ್ಲ. ನಾಚಿಕೆಯಾಯಿತು. ಹಾಗಾಗಿ ಈ ಮಳೆಗಾಲ ಪೂರ್ತಿ ಉತ್ತರ ಕನ್ನಡದವರನ್ನೇ ಓದುವುದು, ಓದಿದ್ದನ್ನು ಸುಮ್ನೆ ಕಪಾಟಿಗೆ ತುರುಕದೆ ಇನ್ನೊಬ್ಬರಿಗೆ ದಾಟಿಸುವುದು ಎಂದುಕೊಂಡೆ. ದಾಟಿಸುವಾಗ ಒಳಗೆ ನನ್ನದೊಂದು ಚೀಟಿ.

ಓದುವುದು ರೈಲಿನಲ್ಲಿ. ಕೆಲಸಕ್ಕೆ ದಿನಾ ಕುಮಟಾಕ್ಕೆ ಹೋಗಿಬರುತ್ತೇನೆ. ಕಾರವಾರ ಬಿಟ್ಟರೆ ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಆಮೇಲೆ ಕುಮಟಾ. ಕೊಂಕಣ ರೈಲ್ವೆಯಲ್ಲಿ ಇಲ್ಲೆಲ್ಲ ಒಂದೇ ಹಳಿ. ಎದುರಿನ ಗಾಡಿ ದಾಟುವ ತನಕ ನಮ್ಮದು ಸ್ಟೇಷನ್ನಿನಲ್ಲಿ ನಿಂತಿರುತ್ತದೆ. ಡಬ್ಬಿಯಲ್ಲಿ ಎಲ್ಲರೂ ಗೊಣಗುತ್ತಾರೆ, ನನಗೆ ಹತ್ತು ಪುಟ ಲಾಭ. ಸುರಂಗ ಬಂದರಂತೂ ಎಲ್ಲರ ಮೊಬೈಲ್ ಸಿಗ್ನಲ್ ಹೋಗಿ ಇನ್ನೂ ಶಾಂತಿ.

ಮೊದಲು ಹಿಡಿದದ್ದು ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಕಾದಂಬರಿ. ಮುಂಬೈಯ ದೊಡ್ಡ ಕಂಪನಿಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಡುತ್ತಾರೆ. ಆರೋಪ ಏನು ಎಂದೇ ಅವನಿಗೆ ಸರಿಯಾಗಿ ಗೊತ್ತಿಲ್ಲ. ಯಾರು ಬೇಟೆಗಾರ, ಯಾಕೆ ಬೇಟೆ ಎಂದು ಯೋಚಿಸುತ್ತಾ ಅವನ ತಲೆ ಬಿಸಿಯಾಗುತ್ತದೆ, ಓದುವವರದ್ದೂ. ಚಿತ್ತಾಲರು 1928ರಲ್ಲಿ ಹುಟ್ಟಿದ್ದು ಹನೇಹಳ್ಳಿಯಲ್ಲಿ, ಗೋಕರ್ಣ ರೋಡ್ ಸ್ಟೇಷನ್ನಿನಿಂದ ಏನೂ ದೂರವಿಲ್ಲ. ಒಂದು ದಿನ ಗಾಡಿ ಅಲ್ಲೇ ನಿಂತಿತ್ತು. ಪುಸ್ತಕ ಮಡಚಿ ಬಾಗಿಲಿಗೆ ಬಂದು ನೋಡಿದೆ. ಏನು ಕಾಣುತ್ತದೆ ಎಂದುಕೊಂಡಿದ್ದೆನೋ, ಕಂಡದ್ದು ಗದ್ದೆ, ತೆಂಗು, ಮಳೆ. ಒಬ್ಬ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದ. ಒಳಗೆ ಬಂದು ಮತ್ತೆ ಮುಂಬೈಗೆ ಹೊರಟೆ.

ಮುಗಿಸಿದ ಖುಷಿಯಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಚೀಟಿಯಲ್ಲಿ ಬರೆದದ್ದು: “ತುಂಬಾ ಚೆನ್ನಾಗಿದೆ. ಓದಲೇಬೇಕು.” ಮೂರು ವಾರ ಬಿಟ್ಟು ವಾಪಸ್ ಬಂತು. “ತುಂಬಾ ಚೆನ್ನಾಗಿದೆ” ಎಂದರು. “ನಾಗಪ್ಪ ಹೇಗನಿಸಿದ?” ಎಂದು ಕೇಳಿದೆ. “ಯಾವ ನಾಗಪ್ಪ?” ಎಂದರು.

ಅವರ ತಪ್ಪು ಅಂತ ನನಗೆ ಅನಿಸಲಿಲ್ಲ. ಓದಲೇಬೇಕು ಎಂದು ಹೇಳಿ ಕೊಟ್ಟದ್ದು ಸಾಲ ಕೊಟ್ಟ ಹಾಗೆ. ತೀರಿಸಬೇಕು ಎಂಬ ಭಾರ ಇರುತ್ತದೆ, ಕೊನೆಗೆ ತೀರಿಸಿದ್ದೇನೆ ಎಂದು ಸುಳ್ಳು ಹೇಳಬೇಕಾಗುತ್ತದೆ. ಇದನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ, ನೀವೂ ಮಾಡಿರ್ತೀರಿ ಅಲ್ವಾ?

ಚೀಟಿ ಹರಿದು ಬೇರೆ ಬರೆದೆ: “ಮೊದಲ ಐವತ್ತು ಪುಟ ಉಸಿರು ಕಟ್ಟುತ್ತದೆ. ನಾನು ಎರಡು ಸಲ ಕೆಳಗಿಟ್ಟೆ. ಆಫೀಸಿನಲ್ಲಿ ಈಗ ಕಿರಿಕಿರಿ ಇದ್ದರೆ ಸದ್ಯಕ್ಕೆ ಬೇಡ.” ಇದನ್ನು ಮೇಲಿನ ಮನೆಯ ಅಕ್ಕನಿಗೆ ಕೊಟ್ಟೆ. ಅವರು ಮುಂಬೈಯಲ್ಲಿ ಹತ್ತು ವರ್ಷ ಕಂಪನಿ ಕೆಲಸ ಮಾಡಿ ಊರಿಗೆ ಬಂದವರು. ಆರು ದಿನಕ್ಕೆ ಪುಸ್ತಕ ವಾಪಸ್. ನನ್ನ ಚೀಟಿಯ ಕೆಳಗೆ ಅವರ ಅಕ್ಷರ: “ನಾನು ಎಲ್ಲೂ ಕೆಳಗಿಡಲಿಲ್ಲ. ನಮ್ಮ ಮ್ಯಾನೇಜರ್ ನೆನಪಾದ.” ಅವತ್ತಿನಿಂದ ಹೊಗಳುವ ಚೀಟಿ ಬಂದ್. ಎಲ್ಲಿ ಕಷ್ಟವಾಯಿತು, ಯಾರಿಗೆ ಬೇಡ, ಇಷ್ಟೇ ಬರೆಯುವುದು.

ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’ ಮತ್ತು ‘ಅಮೃತಬಳ್ಳಿ ಕಷಾಯ’ ಎರಡನ್ನೂ ಜುಲೈಯಲ್ಲಿ ಓದಿದೆ. ಕಾರವಾರದಿಂದ ಅಂಕೋಲಾ ಬರುವಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ, ರೈಲಿಗೆ ಸರಿ ಅಳತೆ. ಆದರೆ ತಕ್ಷಣ ಮುಂದಿನದಕ್ಕೆ ಹೋದರೆ ಹಿಂದಿನದು ಕೆಡುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಅಷ್ಟೇ. ನಡುವೆ ಕಿಟಕಿ ನೋಡುವುದು. ಇವರ ಕಥೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರ ಸಾಲಿಗೆ ಬಂದಿದೆ. ನನ್ನ ಅಣ್ಣನ ಮಗ ಅದನ್ನು ಓದಿ ಆಮೇಲೆ ಕನ್ನಡದ್ದು ಕೇಳಿದ. ಬಂದ ದಾರಿ ಯಾವುದಾದರೇನು, ಕೊಟ್ಟೆ.

ಈಗ ತಾಂಡೇಲ ಮಾಮನ ವಿಷಯ. ನಮ್ಮ ಕೆಳಗಿನ ಮನೆಯವರು, ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಬಲೆ ರಿಪೇರಿ ಮುಗಿದ ಮೇಲೆ ಮಾಮ ಜಗುಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ಮನೆಯಲ್ಲಿ ಮಾತು ಕೊಂಕಣಿ, ಓದು ಮಾತ್ರ ಕನ್ನಡ. ಕಾರವಾರದಲ್ಲಿ ಅರ್ಧ ಮನೆ ಹೀಗೇ. “ದೊಡ್ಡದು ಬೇಡ, ಕಣ್ಣು ಸಾಲುವುದಿಲ್ಲ” ಎಂದರು. ದಿನಕರ ದೇಸಾಯಿಯವರ ‘ದಿನಕರನ ಚೌಪದಿ’ ಕೊಟ್ಟೆ. ಎಲ್ಲ ನಾಲ್ಕೇ ಸಾಲಿನವು. ಚೀಟಿಯಲ್ಲಿ “ಒಟ್ಟಿಗೆ ಇಪ್ಪತ್ತು ಓದಿದರೆ ರುಚಿ ಹೋಗುತ್ತದೆ” ಎಂದಷ್ಟೇ ಬರೆದಿದ್ದೆ.

ಚುಟುಕ ಎಂದರೆ ಬರೀ ನಗೆ ಎಂದು ನಾನು ತಿಳಿದಿದ್ದೆ. ಮಾಮ ಹಾಗೆ ಓದಲಿಲ್ಲ. ಅವರಿಗೆ ದೇಸಾಯಿ ಎಂದರೆ ಮೊದಲು ರೈತರ ಪರ ಹೋರಾಡಿದ, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆದ, 1967ರಲ್ಲಿ ಇಲ್ಲಿಂದ ಲೋಕಸಭೆಗೆ ಹೋದ ಮನುಷ್ಯ. ಕವಿ ಆಮೇಲೆ. ಅಧಿಕಾರದವರಿಗೆ ಚುಚ್ಚುವ ಪದ್ಯ ಬಂದಾಗೆಲ್ಲ ನನ್ನನ್ನು ಕರೆದು ಜೋರಾಗಿ ಓದಿ, “ಕೇಳಿದ್ಯಾ?” ಎನ್ನುತ್ತಿದ್ದರು. ಪುಸ್ತಕ ಕೊಟ್ಟದ್ದು ನಾನು, ಪಾಠ ಆದದ್ದು ನನಗೆ.

ಮುಂದಿನದು ಕೇಳಿದಾಗ ನನ್ನ ನಿಯಮ ನಾನೇ ಮುರಿದೆ. ರವೀಂದ್ರನಾಥ ಠಾಕೂರರ ಬಾಲ್ಯ, ಯೌವನದ ನೆನಪುಗಳ ಪುಸ್ತಕದಲ್ಲಿ ಕಾರವಾರದ ಅಧ್ಯಾಯ ಒಂದಿದೆ. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ರವೀಂದ್ರರು ಬಂದು ಉಳಿದಿದ್ದರು. ನಮ್ಮ ಬೀಚಿಗೆ ಅವರ ಹೆಸರು ಬಂದದ್ದೂ ಅದರಿಂದಲೇ. ಒಂದು ಸಂಜೆ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಬೆಳದಿಂಗಳಲ್ಲಿ ವಾಪಸಾಗುವಾಗ ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಬರೆದಿದ್ದಾರೆ. ನಾನು ಆ ಪುಟವನ್ನು ಮೂರು ಸಲ ಓದಿ ಮೈಮರೆತಿದ್ದೆ. ಮಾಮ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಳಿತ ಇತ್ತು ಅವತ್ತು. ಅಳಿವೆಯಲ್ಲಿ ನೀರು ಸಾಲಲಿಲ್ಲ, ಅದಕ್ಕೇ ಇಳಿದಿದ್ದಾರೆ” ಎಂದರು. ಬೇರೆ ವಿಮರ್ಶೆ ಇಲ್ಲ.

ಆಗಸ್ಟ್ ಬಂತು, ಬೋಟು ಹೊರಟಿತು. ಚೌಪದಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬೋಟಿನಲ್ಲೇ ಇದೆಯಂತೆ. ವಾಪಸ್ ಬಾರದ ಎರಡರಲ್ಲಿ ಅದೊಂದು. ಕೇಳುವ ಮನಸ್ಸಿಲ್ಲ. ಇನ್ನೊಂದು ಯಾರ ಹತ್ತಿರ ಇದೆ ಎಂದು ನನಗೇ ನೆನಪಿಲ್ಲ, ಹಾಗಾಗಿ ಈಗ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಶಿರಸಿಯ ಅತ್ತಿಗೆಗೆ ಕಳಿಸಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಲೇಖಕರು ಅಂಕೋಲಾದವರು, ಕಥೆ ಬೆಂಗಳೂರಿನದ್ದು. ಇದ್ದಕ್ಕಿದ್ದಂತೆ ದುಡ್ಡು ಬಂದ ಮನೆಯೊಂದು ಒಳಗಿಂದ ಹೇಗೆ ಗಂಟು ಬೀಳುತ್ತದೆ ಎಂಬುದು. ಸಣ್ಣ ಪುಸ್ತಕ. ಚೀಟಿಯಲ್ಲಿ, “ಕೊನೆಯ ಪುಟ ಮುಗಿದ ಮೇಲೆ ನನಗೆ ಫೋನ್ ಮಾಡಬೇಕು ಅನಿಸುತ್ತದೆ. ಮಾಡಬಹುದು” ಎಂದು ಬರೆದಿದ್ದೆ. ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಮಾಡಿದರು. “ಇಷ್ಟೇನಾ ತಮ್ಮಾ? ಮುಂದೆ ಎಂತ ಆಯ್ತು?” ನನಗೂ ಗೊತ್ತಿಲ್ಲ ಎಂದೆ. ಅರ್ಧ ಗಂಟೆ ಮಾತಾಡಿದೆವು. ಹಳೇ ಮನೆಯಲ್ಲಿ ಇರುವೆಗಳು ಬರುವ ಭಾಗ ಓದುವಾಗ ಎದ್ದು ಹೋಗಿ ಜೋನಿಬೆಲ್ಲದ ಡಬ್ಬಿ ನೋಡಿಬಂದರಂತೆ. “ಅಡಿಕೆ ಕೊಯ್ಲು ಶುರುವಾದ ಮೇಲೆ ಏನೂ ಕಳಿಸಬೇಡ, ಅಷ್ಟರೊಳಗೆ ಇನ್ನೆರಡು ಕಳಿಸು” ಎಂಬ ಆರ್ಡರ್ ಕೂಡ ಬಂದಿದೆ.

ಅರ್ಧಕ್ಕೆ ಬಿಟ್ಟದ್ದು. ಚಿತ್ತಾಲರ ‘ಪುರುಷೋತ್ತಮ’ವನ್ನು ‘ಶಿಕಾರಿ’ಯ ಬೆನ್ನಿಗೇ ಹಿಡಿದದ್ದು ನನ್ನ ದಡ್ಡತನ. ಒಬ್ಬರನ್ನೇ ಸಾಲಾಗಿ ಓದಿದರೆ ಎರಡನೆಯದಕ್ಕೆ ನ್ಯಾಯ ಸಿಗುವುದಿಲ್ಲ. ಇನ್ನೊಂದು, ಹಳಿಯಾಳದಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’. ಇಲ್ಲಿ ತಪ್ಪು ಬೂಷ್ಟಿನದು. ಹಳೇ ಪ್ರತಿ, ಪುಟ ತಿರುಗಿಸಿದರೆ ನಾಲ್ಕು ಸೀನು.

ಬೂಷ್ಟಿನ ಬಗ್ಗೆ ಕಲಿತದ್ದು ಜಾಸ್ತಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದೆ. ಪುಸ್ತಕ ಒತ್ತಿ ಜೋಡಿಸುವುದು ಬಿಟ್ಟೆ, ನಡುವೆ ಗಾಳಿ ಆಡಬೇಕು. ಬೂಷ್ಟು ಒರೆಸುವುದು ಹೊರಗೆ, ಒಣ ಬಟ್ಟೆಯಲ್ಲಿ. ಒಳಗೆ ಒರೆಸಿದರೆ ಅದು ಹಾರಿ ಪಕ್ಕದ ಪುಸ್ತಕಕ್ಕೆ ಕೂರುತ್ತದೆ. ಖಡಕ್ ಬಿಸಿಲಿಗೆ ಇಟ್ಟರೆ ರಟ್ಟು ಬಾಗುತ್ತದೆ, ನೆರಳಿನ ಗಾಳಿ ಸಾಕು. ಒದ್ದೆ ಹಾಳೆಗಳ ನಡುವೆ ದಿನಪತ್ರಿಕೆ ಮಾತ್ರ ಇಡಬೇಡಿ. ನಾನು ಇಟ್ಟೆ. ಈಗ ನನ್ನ ಒಂದು ಕವನ ಸಂಕಲನದಲ್ಲಿ ಸೀರೆ ಅಂಗಡಿಯ ಆಷಾಢ ರಿಯಾಯಿತಿ ಉಲ್ಟಾ ಅಚ್ಚಾಗಿದೆ. ಅತ್ತಿಗೆ ಮನೆಯಲ್ಲಿ ಪುಸ್ತಕ ಇರುವುದು ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆ ವಾಸನೆ ಹೊಡೆಯುತ್ತದೆ, ಬೂಷ್ಟು ಮಾತ್ರ ಒಂದು ಚುಕ್ಕೆಯೂ ಇಲ್ಲ.

ಫೋನ್ ಇಡುವಾಗ ಅತ್ತಿಗೆ ಇನ್ನೊಂದು ಕೇಳಿದರು. “ನಿನ್ನ ಪಟ್ಟಿಯಲ್ಲಿ ಹೆಂಗಸರು ಬರೆದದ್ದು ಯಾವುದು?” ನೋಟ್‌ಬುಕ್ ತೆಗೆದು ನೋಡಿದೆ. ಒಂದೂ ಇಲ್ಲ. ಮೂರೂವರೆ ತಿಂಗಳಿನಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹಾಗಾಗಿ ಮುಂದಿನ ಸರದಿ ಅಂಕೋಲಾ ಕಡೆಯ ಸುನಂದಾ ಕಡಮೆಯವರ ಕಥೆಗಳದ್ದು. ಆಮೇಲಿನದು ಖಾಲಿ ಇದೆ. ನಿಮಗೆ ಗೊತ್ತಿದ್ದರೆ ಹೇಳಿ, ಆದರೆ ಚೆನ್ನಾಗಿದೆ ಎಂದು ಹೇಳಬೇಡಿ. ಎಲ್ಲಿ ಕೆಳಗಿಟ್ಟಿರಿ ಎಂದು ಹೇಳಿ. ಪುಸ್ತಕವನ್ನೇ ಕಳಿಸುವವರು ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಕಳಿಸಿ, ಇಲ್ಲಿ ಮಳೆ ಇನ್ನೂ ಹೋಗಿಲ್ಲ.